ಚೆಂಡು ನಿಲ್ಲಿಸಿಕೊಟ್ಟವನು

“ಅವತ್ತು ಚೆಂಡು ಹಿಡಿದು ನಿಲ್ಲಿಸಿಕೊಟ್ಟವನ ಹೆಸರು ಇಲ್ಲಿ ಯಾರಿಗಾದ್ರೂ ನೆನಪಿದೆಯಾ?”

ಅಮೆರಿಕದ ಬಫಲೋ ಊರಿನ ಚರ್ಚಿನಲ್ಲಿ ಶುಕ್ರವಾರದ ಕರಿದ ಮೀನಿಗೆ ಸಾಲು ನಿಂತಿತ್ತು. ಮುದುಕ ಆರಿನ್ ಯಾರನ್ನೂ ನೋಡದೆ ಕೇಳಿದ, ಯಾರೂ ತಿರುಗಲಿಲ್ಲ. ಸಾಲಿನಲ್ಲಿ ಅವನ ಹಿಂದೆ ಜಪಸರ ಎಣಿಸುತ್ತಿದ್ದ ಮಾರ್ಜೀನಳ ಬೆರಳು ಒಂದು ಮಣಿಯಲ್ಲೇ ನಿಂತುಬಿಟ್ಟಿತು. ಬಡಿಸುವಾಕೆ ಆರಿನ್‌ನ ಮುಂದಿದ್ದ, ಅಮೆರಿಕನ್ ಫುಟ್‌ಬಾಲ್‌ನ ಹಳೆಯ ಆಟಗಾರ ಲೀಲ್ಯಾಂಡನಿಗೆ ಎರಡನೇ ತುಂಡು ಹಾಕುತ್ತಾ ಹೇಳಿದಳು: “ಆ ಪ್ಲೇಆಫ್ ಪಂದ್ಯದಲ್ಲಿ ನೀವು ಒದ್ದ ಚೆಂಡು ಗೋಲಿನ ಕಂಬದ ಹೊರಗೆ ಹೋಗಿ ಗೆಲುವು ತಪ್ಪಿದ್ದು ನೆನೆದ್ರೆ ಈಗಲೂ ಕರುಳು ಚುರುಕ್ ಅನ್ನುತ್ತೆ.”

“ನೋಡ್ದಾ? ಇಷ್ಟು ವರ್ಷ ಆದ್ರೂ ನಿಂಗೇ ಎರಡು ತುಂಡು,” ಎಂದ ಆರಿನ್.

“ಹೊಟ್ಟೆಕಿಚ್ಚು ಯಾಕೋ? ಒಂದು ನೀನೇ ತಗೋ.”

“ನಿನ್ನ ಮೀನು ಯಾರಿಗೆ ಬೇಕು! ನಾನು ನಿಲ್ಲಿಸಿಕೊಟ್ಟಾಗ ಚೆಂಡಿನ ಹೊಲಿಗೆ ನಿನ್ನ ಕಾಲಿನ ಕಡೆಗೇ ಇತ್ತು. ಅದನ್ನ ಕಂಬದ ಕಡೆ ತಿರುಗಿಸೋಕೆ ಮರೆತಿದ್ದೆ, ಅದಕ್ಕೇ ಚೆಂಡು ಅಡ್ಡ ಹೋಯ್ತು. ನಿಂಗೆ ಗೊತ್ತಿತ್ತಲ್ಲ?”

“ಗೊತ್ತಿತ್ತು. ನಿನ್ನ ಹೆಸರು ಕೆಡಬಾರದು ಅಂತ ಸುಮ್ನಿದ್ದೆ.”

“ಕೆಡೋಕಾದ್ರೂ ಒಂದು ಹೆಸರು ಉಳೀಬೇಕಲ್ಲೋ, ಮಾರಾಯ! ಇವತ್ತೊಂದ್ಸಲ ಇವರೆಲ್ಲರ ಮುಂದೆ ಹೇಳು, ತಪ್ಪು ಆರಿನ್‌ದು ಅಂತ.”

ಲೀಲ್ಯಾಂಡ್ ತಟ್ಟೆಯನ್ನು ಎದೆಗೆ ಹತ್ತಿರ ಎಳೆದುಕೊಂಡು ಮೇಜಿನ ಕಡೆ ಹೊರಟ.

“ಹೇಳೋದಿಲ್ಲ. ಜನ ನನ್ನ ನೆನಪಿಟ್ಟಿರೋದು ಅದೊಂದಕ್ಕೇ ಕಣೋ.”