ಬೂಟುಗಾಲು ಇಡದ ಜಾಗ

ಒಂದು ಊರಾಗ ಒಂದು ಮಠದ ಕಾಲೇಜಿತ್ತು. ಇವತ್ತ ರಾಜನ ಕಥಿ ಇಲ್ಲ, ಸಾಹುಕಾರನ ಕಥಿ ಇಲ್ಲ, ಫುಟ್‌ಬಾಲ್ ಕಥಿ. ಯಾಕ ನಗ್ತೀ ನೀಲವ್ವ? ಕಾವಿ ಉಟ್ಟಾಂವಗ ಫುಟ್‌ಬಾಲ್ ಯಾಕ ಬೇಕು ಅಂತೀಯೇನು? ನಾನೂ ಸಣ್ಣಾಂವ ಇದ್ದಾಗ ಮಠದ ಹುಡುಗರ ಜೋಡಿ ಚೆಂಡು ಒದ್ದೀನಿ, ಒಂದು ಹಲ್ಲೂ ಮುರಕೊಂಡೀನಿ. ಈಗ ನಗೂದು ಸಾಕು. ಕೂಸುಗಳು ಮಲಗಿದ್ರ ಮಲಗಲಿ, ದೊಡ್ಡವರು ಎಚ್ಚರ ಇರ್ರಿ. ಇದು ಎಚ್ಚರ ಇದ್ದು ಕೇಳೂ ಕಥಿ.

ನೋಡ್ರಿ, ಆ ಆಟದಾಗ ಗೋಲ್ ಹೊಡೆಯೋರು ಮುಂದ ಇರ್ತಾರ. ಎದುರಿನವರು ಬಂದಾಗ ತಡೆಯೋರು ಹಿಂದ ಇರ್ತಾರ. ಆ ತಡೆಯೋರ ನಟ್ಟನಡುವ, ಗೋಲಿನ ಎದುರಿಗೆ ಒಬ್ಬಾಂವ ನಿಲ್ತಾನ. ಅವಂಗ ಸ್ಟಾಪರ್ ಅಂತಾರ. ಮನಿಗೆ ತಲಬಾಗಿಲಾ ಇದ್ದಂಗ ಅಂವ. ಇಷ್ಟು ತಿಳಕೊಂಡ್ರ ಸಾಕು, ಉಳಿದದ್ದು ನಿಮಗ ಬ್ಯಾಡ.

ಆ ಕಾಲೇಜಿನ ಹಾಸ್ಟೆಲ್‌ನಾಗ ರೊಟ್ಟಿ ಬಡಿಯೋ ಒಬ್ಬ ತಾಯಿ ಇದ್ಲು. ಗಂಡ ಇಲ್ಲ. ಎರಡು ಗಂಡುಮಕ್ಕಳು, ಎರಡೂ ಅದ ತಂಡದಾಗ. ಅಣ್ಣ ಸ್ಟಾಪರ್. ತಮ್ಮ ಅವನ ಎಡಕ್ಕ, ನಾಲ್ಕು ಹೆಜ್ಜಿ ದೂರದಾಗ. ಅಣ್ಣ ಇರೋತನಾ ಆ ತಂಡಕ್ಕ ಒಂದು ಗೋಲ್ ಹೊಡೀಬೇಕಂದ್ರ ಎಂಥೆಂಥಾವರಿಗೂ ಸಾಕುಬೇಕಾಗ್ತಿತ್ತು. ಒಂದಿನ ಸಂಜಿ ಮುಂದ, ಪಂದ್ಯ ಸೈತ ಅಲ್ಲ, ಬರೇ ಪ್ರಾಕ್ಟೀಸು, ಅಣ್ಣ ನಿಂತ ಜಾಗದಾಗ ಎದಿ ಹಿಡಕೊಂಡು ಕುಂತ. ಹುಡುಗ್ರು ಚ್ಯಾಷ್ಟಿ ಮಾಡಾಕತ್ತಾನ ಅಂದ್ಕೊಂಡು ನಕ್ರು. ಕುಂತಾಂವ ಏಳಲಿಲ್ಲ. ಡಾಕ್ಟರು ಬರೋದ್ರಾಗ ಎಲ್ಲಾ ಮುಗಿದಿತ್ತು. ಇಪ್ಪತ್ತು ವರ್ಷದ ಹುಡುಗ್ರೀ ಅಂವ. ಹೇಳಾಕ ನನಗ ಇವತ್ತಿಗೂ ಸಂಕಟ ಆಗ್ತೈತಿ.

ಈಗ ನಮ್ಮ ರೂಢಿ ಏನೈತಿ ಹೇಳ್ರಿ? ಹಿರ್ಯಾರು ಲಿಂಗೈಕ್ಯ ಆದ್ರ ಕೂಡಿಸಿ ಮಣ್ಣು ಮಾಡ್ತೀವಿ, ಮ್ಯಾಲ ಗದ್ದುಗಿ ಕಟ್ತೀವಿ. ಗದ್ದುಗಿ ಮ್ಯಾಲ ಯಾರರ ಚಪ್ಪಲಿಗಾಲು ಇಡ್ತಾರೇನು? ಇಡಂಗಿಲ್ಲ. ಆ ಹುಡುಗ್ರೂ ನಮ್ಮ ನಿಮ್ಮ ಮಕ್ಕಳ ಅಲ್ಲೇನ್ರಿ? ಅಣ್ಣ ಕುಂತ ಜಾಗದ ಸುತ್ತ ಸುಣ್ಣದಾಗ ಒಂದು ಗುಂಡನ್ನ ಗೆರಿ ಹಾಕಿದ್ರು. ಒಳಗ ಒಂದು ಚಿಟಿಕಿ ವಿಭೂತಿ ಬಿಟ್ರು. ಇದು ಅಣ್ಣನ ಗದ್ದುಗಿ, ಇಲ್ಲಿ ಬೂಟುಗಾಲು ಇಡಬಾರದು ಅಂದ್ರು. ಸ್ಟಾಪರ್ ಅಂತ ಮತ್ತೊಬ್ಬನ್ನ ನಿಲ್ಲಿಸಲಿಲ್ಲ, ಆ ಒಂದು ಆಳನ್ನ ಮುಂದ ಕಳಿಸಿದ್ರು. ಬ್ಯಾರೆ ಊರಿಗೆ ಆಡಾಕ ಹೋದ್ರ, ಆ ಗೆರಿ ಒಳಗಿನ ಒಂದು ಮುಷ್ಟಿ ಮಣ್ಣು ವಸ್ತ್ರದಾಗ ಕಟ್ಕೊಂಡು ಹೋಗಿ, ಅಲ್ಲಿಯ ಮೈದಾನದಾಗ ಅದ ಜಾಗದಾಗ ಉದುರಿಸ್ತಿದ್ರು. ಅರ್ಧ ಆಟ ಆದ ಮ್ಯಾಲ ಆಕಡಿಯವರು ಈಕಡಿಗೆ, ಈಕಡಿಯವರು ಆಕಡಿಗೆ ಬರ್ತಾರ. ಆವಾಗ ಮತ್ತ ಆಕಡಿ ಉದುರಿಸೂದು. ಕಲಿಸೋ ಮಾಸ್ತರು ಬ್ಯಾಡ ಅನ್ನಲಿಲ್ಲ. ಅನ್ನೋದು ಹೆಂಗ? ಅವರೂ ಅತ್ತಿದ್ರು.

ಸುತ್ತಮುತ್ತಲಿನ ಕಾಲೇಜಿಗೆಲ್ಲಾ ಸುದ್ದಿ ಹಬ್ಬಿತು. ಅಲ್ಲಿಯ ಹುಡುಗ್ರು ಆಡಾಕ ಬಂದ್ರ, ಚೆಂಡು ಒದ್ಕೊಂಡು ಆ ಗೆರಿ ತನಕ ಓಡಿ ಬರ್ತಿದ್ರು, ಅಲ್ಲಿ ಕಾಲು ತಡೀತಿದ್ದವು. ಎಡಕ್ಕ ಇಲ್ಲಾ ಬಲಕ್ಕ ಹೊರಳ್ತಿದ್ರು. ಹೊರಳೂದ ತಡ, ಕಾಯ್ಕೊಂಡು ನಿಂತಿದ್ದ ತಮ್ಮ ಚೆಂಡು ಕಸಕೊಳ್ತಿದ್ದ. ಎರಡು ವರ್ಷ, ಜಿಲ್ಲಾದಾಗ ಆ ತಂಡಕ್ಕ ಒಂದು ಗೋಲ್ ಹೊಡೆದವರಿಲ್ಲ. ಅಣ್ಣ ಇನ್ನೂ ಕಾಯಾಕತ್ತಾನ ಅಂದ್ರು ಊರ ಮಂದಿ. ಆ ತಾಯಿ ಕಿವಿಗೂ ಈ ಮಾತು ಬಿತ್ತು. ಆಕಿ ರೊಟ್ಟಿ ಕೆಲಸ ಮುಗಿಸಿ ದಿನಾ ಮೈದಾನದ ದಂಡಿಗೆ ಒಂದು ಗೋಣಿಚೀಲ ಹಾಸಿಕೊಂಡು ಕುಂದರಾಕ ಸುರು ಮಾಡಿದ್ಲು. ಮಗನ್ನ ನೋಡಾಕ ಅಂತ.

ನಾನೂ ಒಂದು ಸಲ ಹೋಗಿದ್ದೆ. ನಾಲ್ಕು ಗಂಟೆದ ಬಿಸಿಲು. ಹುಡುಗ್ರು ಓಡಾಡಿ ಆಡಾಕತ್ತಿದ್ರು, ಮೈದಾನದ ತುಂಬ ಕೆಂಪು ಧೂಳು ಎದ್ದಿತ್ತು. ಆ ಗೆರಿ ಒಳಗ ಮಾತ್ರ ಒಂದೀಟೂ ಧೂಳು ಇಲ್ಲ. ಹನ್ನೊಂದು ಮಂದಿ ಆ ಜಾಗ ಬಳಸಿ ಓಡ್ತಾರ, ಒಬ್ಬನೂ ಅದನ್ನ ಕಣ್ಣೆತ್ತಿ ನೋಡೂದಿಲ್ಲ. ನೋಡದನ ಬಳಸ್ತಾರ. ಕಂಬ ಇಲ್ಲದ ಜಾಗದಾಗ ಕಂಬ ಇದ್ದಂಗ. ನಿಂತು ನೋಡಿದೆ ನೋಡಿದೆ. ಹೆಚ್ಚು ಹೊತ್ತು ನಿಲ್ಲಲಾರದ ಬಂದುಬಿಟ್ಟೆ.

ಇದು ಹಂಗಿರ್ಲಿ. ದೊಡ್ಡ ಪಂದ್ಯಕ್ಕ ಬಲಾಢ್ಯ ತಂಡಗಳು ಬರ್ತಿದ್ವು, ದೂರದೂರದ ಊರಿನವು. ಅವರ ಮುಂದ ಈ ತಂಡದ ಗತಿ ಏನಾಗ್ತಿತ್ತು ಗೊತ್ತೇನು? ಒಂದು ಸಲ ಆರು ಗೋಲು, ಒಂದು ಸಲ ಏಳು. ಯಾಕ ಹಿಂಗ ಅಂತ ಕಾಲೇಜಿನ ಕಮಿಟಿ ಕೂಡ್ತು. ಬೂಟು ಸರಿ ಇಲ್ಲ ಅಂದ್ರು ಒಬ್ಬರು. ಮಠದ ಹುಡುಗ್ರು ಮೊಟ್ಟಿ ತಿನ್ನೂದಿಲ್ಲ, ಅದಕ್ಕ ದಮ್ಮಿಲ್ಲ ಅಂದ್ರು ಇನ್ನೊಬ್ಬರು. ಹೊಸಾ ಬೂಟು ಬಂದ್ವು, ಹಾಲು ಬಂತು, ಬೆಳಗಿನ ಐದಕ್ಕ ಓಟ ಬಂತು. ಮತ್ತ ಏಳು ಗೋಲು. ಎಲ್ಲಾ ಗೋಲೂ ಒಂದ ದಾರೀಲೆ ಬರ್ತಾವು, ನಟ್ಟನಡುವಿಂದ, ಯಾರೂ ಇಲ್ಲದ ಜಾಗದಿಂದ. ಎಲ್ಲಾರಿಗೂ ಕಾಣಸ್ತೈತಿ. ಒಬ್ಬರ ಬಾಯಿಂದನೂ ಬರೂದಿಲ್ಲ. ಹೇಳಿದ್ರ ಅಣ್ಣಗ ಅವಮಾನ, ಆ ತಾಯಿ ಎದುರಿಗೆ ಹೇಳಾಕ ಯಾರಿಗೆ ಬಾಯಿ ಬರ್ತೈತಿ?

ಕಡೀಕ ಕಮಿಟಿಯವರು ಒಂದು ಮಾತು ಹೇಳಿಬಿಟ್ರು. ಈ ಸಲ ನಮ್ಮ ಮೈದಾನದಾಗ ನಡೆಯೋ ಪಂದ್ಯದಾಗೂ ಹಿಂಗ ಮರ್ಯಾದಿ ಕಳಕೊಂಡ್ರ ತಂಡಾನ ಬ್ಯಾಡ, ಮೈದಾನದಾಗ ಹಾಸ್ಟೆಲ್ ಕಟ್ಟಸ್ತೀವಿ. ತಮ್ಮಗ ಚಿಂತಿ ಹತ್ತಿತು. ಹಾಸ್ಟೆಲ್ ಬಂದ್ರ ಅಣ್ಣನ ಜಾಗ ಎಲ್ಲಿ? ಅವ್ವ ಎಲ್ಲಿ ಕುಂದರಬೇಕು? ಆ ಜಾಗ ಉಳೀಬೇಕಂದ್ರ ಮರ್ಯಾದಿ ಉಳೀಬೇಕು. ಮರ್ಯಾದಿ ಉಳೀಬೇಕಂದ್ರ ಆ ಜಾಗದಾಗ ಯಾರರ ಕಾಲಿಡಬೇಕು. ಅಂವ ಇಡಲಾರ. ಯಾಕ ಇಡಲಾರ ಅನ್ನೋದನ್ನ ಅಂವ ಯಾರಿಗೂ ಹೇಳಿರಲಿಲ್ಲ, ಆಮ್ಯಾಲ ನನ್ನ ಮುಂದ ಹೇಳಿದ.

ಬಲಾಢ್ಯ ತಂಡದವರು ಚೆಂಡು ತಗೊಂಡು ನಡುವ ನುಗ್ಗಿ ಬಂದಾಗೆಲ್ಲಾ ಅಂವ ಅಡ್ಡ ಹೋಗಾಕ ಒಂದು ಹೆಜ್ಜಿ ಎತ್ತತಿದ್ದ. ಎತ್ತಿದ ಕೂಡ್ಲೇ ಆ ಗೆರಿ ಒಳಗಿಂದ ಒಂದು ದನಿ ಕೇಳಸ್ತಿತ್ತಂತ. ಜೋರಿಲ್ಲ, ಮಗ್ಗಲದಾಗ ನಿಂತು ಮಾತಾಡಿದಂಗ. ‘ಬಿಡೋ ತಮ್ಮಾ, ನಾ ಅದೀನಿ.’ ಅಂವ ಕಾಲು ಹಿಂದ ಇಡ್ತಿದ್ದ. ಗೋಲ್ ಆಗ್ತಿತ್ತು.

ಪಂದ್ಯದ ದಿನಾ ಬಂತು. ಬಂದವರು ದೂರದವರು, ಅವರಿಗೆ ಅಣ್ಣನೂ ಗೊತ್ತಿಲ್ಲ, ಗದ್ದುಗಿನೂ ಗೊತ್ತಿಲ್ಲ. ಮಣ್ಣು ಅಂದ್ರ ಮಣ್ಣು ಅವರಿಗೆ. ಮೊದಲನೇ ಹತ್ತು ನಿಮಿಷದಾಗ ಎರಡು ಗೋಲು. ‘ಬಿಡೋ ತಮ್ಮಾ, ನಾ ಅದೀನಿ.’ ಮತ್ತೊಂದು. ‘ಬಿಡೋ ತಮ್ಮಾ, ನಾ ಅದೀನಿ.’ ಮತ್ತೊಂದು. ಕೇಳಾಕತ್ತೀರೇನು? ಐದನೇದು ಆಗೂಕಿಂತ ಮೊದಲ ಏನಾತು ಅಂದ್ರ, ಚೆಂಡು ಹೊರಗ ಹೋಗಿತ್ತು, ಆಟ ನಿಂತಿತ್ತು. ಆಕಡಿ ತಂಡದ ಒಬ್ಬ ಉದ್ದಾನುದ್ದ ಹುಡುಗ ಬಂದು, ಆ ಗೆರಿ ಒಳಗ ಹೋಗಿ, ಅಣ್ಣ ಕುಂತ ಜಾಗದಾಗ ಒಂದು ಮೊಣಕಾಲೂರಿ ಬೂಟಿನ ಲೇಸು ಕಟ್ಕೊಳ್ಳಾಕತ್ತ. ಏನೂ ಆಗಲಿಲ್ಲ ಅವಂಗ.  ತಮ್ಮ ಅವನ್ನ ಎಬ್ಬಿಸಬೇಕಂತ ಹೆಜ್ಜಿ ಎತ್ತಿದ. ಗೆರಿ ಒಳಗ ಆ ಹುಡುಗ ಒಬ್ಬಾಂವ ಅದಾನ, ಬಾಯಿ ಮುಚ್ಚೇತಿ, ಲೇಸು ಕಟ್ಟಾಕತ್ತಾನ. ದನಿ ಅಲ್ಲಿಂದನ ಬಂತು. ‘ಬಿಡೋ ತಮ್ಮಾ, ನಾ ಅದೀನಿ.’

ತಮ್ಮ ಎತ್ತಿದ ಹೆಜ್ಜಿ ಹಿಂದ ಇಟ್ಟ. ಐದನೇ ಗೋಲಾತು. ಅರ್ಧ ಆಟ ಮುಗೀತು.

ರೂಢಿ ಪ್ರಕಾರ ಮಾಸ್ತರು ವಸ್ತ್ರದಾಗ ಮಣ್ಣು ಕಟ್ಕೊಂಡು ಆಕಡಿಗೆ ಉದುರಿಸಾಕ ಹೊಂಟ್ರು. ಆ ತಾಯಿ ಗೋಣಿಚೀಲದ ಮ್ಯಾಲಿಂದ ಎದ್ಲು. ಬರಿಗಾಲಿಲೆ ಮೈದಾನದಾಗ ಬಂದ್ಲು, ಮಾಸ್ತರ ಕೈಯಾಗಿನ ಗಂಟು ತಗೊಂಡ್ಲು, ತನ್ನ ಸೆರಗಿಗೆ ಕಟ್ಕೊಂಡ್ಲು.  ಸೀದಾ ಮಗನ ಹಂತೇಕ ಹೋದ್ಲು.

‘ನಿನಗೊಬ್ಬಂವಗ ಕೇಳಸ್ತೈತಿ ಅಂತ ತಿಳಿದೀಯೇನು ತಮ್ಮಾ?’ ಅಂದ್ಲು.

ಹುಡುಗ ಅಳಾಕತ್ತ. ‘ಯವ್ವಾ, ನಿನಗೂ ಕೇಳಸ್ತೈತಿ?’

‘ಎರಡು ವರ್ಷದಿಂದ ಕೇಳಾಕತ್ತೀನಿ. ಅದನ್ನ ಕೇಳಾಕಂತನ ಇಲ್ಲಿ ಬಂದು ಕುಂದರತಿದ್ದೆ. ಇವತ್ತ ಚಂದಾಗಿ ಕಿವಿಗೊಟ್ಟು ಕೇಳಿದೆ. ಅದು ನಿಮ್ಮಣ್ಣನ ದನಿ ಅಲ್ಲ.’

‘ಮತ್ತ ಯಾರದವ್ವ?’

‘ಯಾರದೋ, ನನಗ ಗೊತ್ತಿಲ್ಲ. ನಿಮ್ಮಣ್ಣ ಹುಟ್ಟಿದಾಗಿಂದ ಒಬ್ಬರಿಗೂ ಬಿಡು ಅಂದಾಂವಲ್ಲ. ಬೋರಿನ ನೀರಿಗೆ ಹೋಗಬೇಕಾದ್ರೂ, ಬಾರೋ ತಮ್ಮಾ ಇಬ್ಬರೂ ಹೋಗೂಣು ಅಂತಿದ್ದ. ಅಂವ ಹೋದ. ಅಲ್ಲಿ ಇರೋದು ಬ್ಯಾರೆ ಏನೋ ಐತಿ, ಅವನ ದನಿ ಕಲ್ತೈತಿ. ನೀ ಹೋಗಿ ಅಣ್ಣ ನಿಲ್ತಿದ್ದ ಜಾಗದಾಗ ನಿಲ್ಲು.’

ಹೆತ್ತಾಕಿ ಹಿಂಗ ಹೇಳಬೇಕಾದ್ರ ಆಕಿ ಎದಿ ಎಷ್ಟು ಗಟ್ಟಿ ಇರಬೇಕು ನೋಡ್ರಿ. ಇದ್ದ ಒಂದು ಸಮಾಧಾನಾನ್ನ ತನ್ನ ಕೈಯಾರೆ ಕಿತ್ತು ಒಗದ್ಲು.

ಹುಡುಗ ಹೋಗಿ ನಿಂತ. ಆಕಡಿ ಗೋಲಿನ ಎದುರಿಗೆ, ನಟ್ಟನಡುವ, ಮಣ್ಣು ಉದುರಿಸಬೇಕಾಗಿದ್ದ ಜಾಗದಾಗ. ಕಾಲು ನಡಗಾಕತ್ತಿದ್ದವಂತ. ಆ ಉದ್ದನ್ನ ಹುಡುಗ ಚೆಂಡು ತಗೊಂಡು ಬಂದ. ಈ ಸಲ ದನಿ ಅವನ ಬೆನ್ನ ಹಿಂದಿಂದ ಬಂತು, ಕುತ್ತಿಗಿಗೆ ಉಸಿರು ಬಡಿಯೋ ಅಷ್ಟು ಹತ್ತಿರದಿಂದ. ‘ಬಿಡೋ ತಮ್ಮಾ.’ ಅಂವ ತಿರುಗಿ ನೋಡಲಿಲ್ಲ. ಚೆಂಡಿಗೆ ಕಾಲು ಹಾಕಿದ, ಇಬ್ಬರೂ ಉರುಳಿ ಬಿದ್ರು, ಚೆಂಡು ಹೊರಗ ಹೋತು. ಮುಂದಿನ ಸಲ ದನಿ ಸ್ವಲ್ಪ ದೂರಿಂದ, ಗೋಲಿನ ಕಂಬದ ಹತ್ತಿರದಿಂದ. ಆಮ್ಯಾಲ ಗೋಲಿನ ಬಲೀ ಹಿಂದಿಂದ. ಕಡೀಕ ಮೈದಾನದ ಬೇಲಿ ಆಚೆಯಿಂದ, ಸಿಟ್ಟು ಬಂದಂಗ ಒಂದು ಸಲ ಕೇಳಿಸಿ ನಿಂತುಬಿಡ್ತಂತ. ಆಚೆ ಏನಿತ್ತು ಅಂತ ನನ್ನ ಕೇಳಬ್ಯಾಡ್ರಿ, ನಾ ಬಲ್ಲಾಂವಲ್ಲ.

ಗೆದ್ರೇನು ಅಂತೀರಿ? ಎಲ್ಲಿ ಗೆಲ್ತಾರ? ಐದು ಗೋಲು ಮೊದಲ ಆಗಿದ್ದವಲ್ಲ. ಸೋತ್ರು. ಆದ್ರ ಎರಡನೇ ಅರ್ಧದಾಗ ಒಂದೂ ಆಗಲಿಲ್ಲ. ಆಟ ಮುಗಿದ ಮ್ಯಾಲ ಗೆದ್ದವರ ಮಾಸ್ತರು ಕಮಿಟಿಯವರ ಹಂತೇಕ ಬಂದು ಆ ತಮ್ಮನ್ನ ತೋರಿಸಿ ಒಂದ ಮಾತು ಕೇಳಿದ್ರು. ‘ಈ ಹುಡುಗ ಮೊದಲನೇ ಅರ್ಧದಾಗ ಎಲ್ಲಿದ್ದ?’

 ಕಮಿಟಿಯವರು ಹಾಸ್ಟೆಲ್ ಮಾತು ಅಲ್ಲಿಗೇ ಬಿಟ್ರು. ಎಲ್ಲಿದ್ದ ಹೇಳ್ರಿ ಅಂವ? ಅಲ್ಲೇ ಇದ್ದ. ನಾಲ್ಕು ಹೆಜ್ಜಿ ದೂರ ಇದ್ದ.

ಈಗ ಸಂಗನಗೌಡ್ರು ಮನಸ್ನಾಗ ಅನ್ನಾಕತ್ತಾರ, ಇದು ಆಟದ ಹುಡುಗ್ರ ಮಾತು, ನಮಗೇನು ಅಂತ. ನಿಮಗ ಹೇಳಾಕತ್ತೀನ್ರಿ ಗೌಡ್ರ! ನಿಮ್ಮ ಮನ್ಯಾಗ ಎಲ್ಲಾರೂ ಬಳಸಿ ಅಡ್ಡಾಡೋ ಜಾಗ ಒಂದು ಇಲ್ಲೇನು? ಅಪ್ಪ ಹೋದ್ರು, ಫೋಟೋ ಹಾಕಿದ್ರಿ, ಮಾಲಿ ಹಾಕಿದ್ರಿ. ಅಪ್ಪ ಇದ್ದಾಗ ಮಗ ಕುಡದು ಬಂದ್ರ ಬಾಗಿಲದಾಗ ತಡದು ನಿಲ್ಲಿಸ್ತಿದ್ರು. ಈಗ ಯಾರು ನಿಲ್ಲಿಸ್ತೀರಿ? ಹಿರ್ಯಾರ ಪುಣ್ಯ ಕಾಯ್ತೈತಿ ಅಂತೀರಿ, ಪಡಸಾಲ್ಯಾಗ ಟಿವಿ ದನಿ ಏರಸ್ತೀರಿ. ಸಣ್ಣ ಕಷ್ಟ ಬಂದಾಗ ನಡದು ಹೋಗ್ತೈತಿ. ಸಣ್ಣದು ತಾನ ಅಂಜಿ ಪಕ್ಕಕ್ಕ ಹೊರಳ್ತೈತಿ. ದೊಡ್ಡದು ಬರೂವಾಗ ನಿಮ್ಮ ಫೋಟೋ ನೋಡಿ ಬರ್ತೈತೇನು? ನಡುವ ತುಳಕೊಂಡು ಬರ್ತೈತಿ.

ನಾನೇನು ದೊಡ್ಡಾಂವಲ್ಲ. ನನಗೂ ಆ ದನಿ ಕೇಳೇತಿ, ಎಲ್ಲಾರ ಎದುರಿಗೆ ಒಪ್ಕೋತೀನಿ. ಈ ಮಠದ ಹಿಂದಿನ ಬಾವಿ ಮುಚ್ಚಳ ಮುರದು ಎರಡು ತಿಂಗಳಾತು. ನಾ ನೋಡಿದ್ದೆ. ಮಠದ ಕಮಿಟಿಯವರು ಅದಾರ, ಬಿಡು ಅಂತ ಒಳಗೊಂದು ದನಿ ಬಂತು, ನಾ ಬಿಟ್ಟೆ. ನೀವೂ ನೋಡಿದ್ರಿ. ನಿಮ್ಮ ಸ್ವಾಮಿ ನಾ ಇದ್ದೆನಲ್ಲ, ಅಜ್ಜಾರು ಅದಾರ, ಬಿಡು ಅಂದ್ರಿ, ನೀವೂ ಬಿಟ್ರಿ. ಮೊನ್ನಿ ಸೋಮವಾರ ಪ್ರಸಾದದ ಹೊತ್ತಿನಾಗ, ನಲವತ್ತು ಮಂದಿ ಅಡ್ಡಾಡೂ ಹೊತ್ತಿನಾಗ, ಶಾಂತವ್ವನ ಮೊಮ್ಮಗಳು, ಎರಡು ವರ್ಷದ ಕೂಸು, ಬಾವಿ ದಂಡಿ ಮ್ಯಾಲ ಕುಂತು ಒಳಗ ಕಾಲು ಇಳಿಬಿಟ್ಟು ಆಡಸಾಕತ್ತಿತ್ತು. ಒಳಗಿನವರ ಜೋಡಿ ಮಾತಾಡಿದಂಗ ನಗಾಕತ್ತಿತ್ತು. ಶಾಂತವ್ವ ನೋಡಿ ಎತ್ಕೊಂಡ್ಲು. ಆಕಿ ಒಂದು ಕ್ಷಣ ತಡ ಮಾಡಿದ್ರ ನಾವೆಲ್ಲಾ ಎಲ್ಲಿದ್ವಿ ಅಂತ ಆ ಕೂಸಿನ ತಾಯಿಗೆ ನಾ ಏನ ಹೇಳ್ತಿದ್ದೆ?

ಅದಕ್ಕ ಇವತ್ತಿಂದ ಒಂದು ಮಾಡ್ರಿ. ದಿನಾ ಮಲಗೂಕಿಂತ ಮೊದಲ, ಮನ್ಯಾಗ ಎಲ್ಲಾರೂ ಬಳಸಿ ಹೋಗೋ ಒಂದು ಜಾಗ ಯಾವುದು ಅಂತ ನೋಡ್ರಿ. ಕುಡಿಯೋ ಮಗ ಇರಬೌದು, ಮೂಲ್ಯಾಗ ಅಳೂ ಸೊಸಿ ಇರಬೌದು, ಹಾಸಿಗಿ ಹಿಡದ ಅತ್ತಿ ಇರಬೌದು. ಅಣ್ಣ ನೋಡ್ತಾನ, ಅಜ್ಜಾರು ನೋಡ್ತಾರ, ದೇವರು ನೋಡ್ತಾನ ಅನ್ನಬ್ಯಾಡ್ರಿ. ಅಲ್ಲಿ ನೀವು ಹೋಗಿ ನಿಲ್ಲ್ರಿ, ಕಾಲು ನಡಗಿದ್ರೂ ನಿಲ್ಲ್ರಿ. ನಾಳೆ ಮುಂಜಾನೆ ಆರಕ್ಕ ನಾ ಬಾವಿ ಹತ್ತಿರ ಇರ್ತೀನಿ. ಮೌನೇಶಪ್ಪಾ, ನಿನ್ನ ಬಡಿಗತನದ ಸಾಮಾನು ತಗೊಂಡು ಬಾ, ಹಲಗಿ ನಾ ಹೊಂದಸ್ತೀನಿ. ಅದು ಮುಚ್ಚೋತನಾ ನಾ ಈ ಪೀಠದ ಮ್ಯಾಲ ಕುಂದರಂಗಿಲ್ಲ.

ಈಗ ಏಳ್ರಿ. ಕೂಸುಗಳನ್ನ ಎತ್ಕೊಂಡು, ಎಲ್ಲಾರೂ ಹಿಂದಿನ ದಾರೀಲೆ ಹೋಗ್ರಿ. ಒಬ್ಬೊಬ್ಬರಾಗಿ ಬಾವಿ ಹತ್ತಿರ ನಿಂತು, ಕಟ್ಟಿ ಹಿಡಕೊಂಡು, ನಾವೆಲ್ಲಾ ಎರಡು ತಿಂಗಳು ಬಳಸಿ ಅಡ್ಡಾಡಿದ ಜಾಗ ಎಂಥಾದ್ದು ಅಂತ ಒಳಗ ಒಂದು ಸಲ ಬಗ್ಗಿ ನೋಡಿ ಮನಿಗೆ ಹೋಗ್ರಿ.