ಎಂಟು ಗಂಟೆ ಬೇಯೋ ಸ್ಟ್ಯೂ

...ಅಯ್ಯೋ, ಅಷ್ಟು ಜೋರಾಗಿ ಎಳೀಬೇಡಿ ಅಣ್ಣಾ, ಹಿಡಿ ಕಿತ್ಕೊಂಡು ಬಂದೀತು! ಚಳಿಗಾಲದಲ್ಲಿ ಆ ಬಾಗಿಲು ಹಾಗೇ, ಬಿಗಿದ್ಕೊಂಡ್ಬಿಡುತ್ತೆ. ಹೀಟರ್ ರಿಪೇರಿ ಮುಗೀತಲ್ಲ, ಇನ್ನೇನು ಅವಸರ? ಕೂತ್ಕೊಳ್ಳಿ. ನಮ್ಮನೆಯವರು ನಿಮ್ಮನ್ನ ಒಳಗೆ ಬಿಟ್ಟು, ಹಾಗೇ ಕೆಲಸಕ್ಕೆ ಹೋದ್ರು... ಅವರಿಗೆ ಸ್ವಲ್ಪ ಮರೆವು.

ನೋಡಿ, ಸ್ಟ್ಯೂ ಮಾಡ್ತಿದೀನಿ. ಈ ಕರೆಂಟಿನ ಸ್ಲೋ ಕುಕ್ಕರಲ್ಲಿ ಗಟ್ಟಿ ತರಕಾರಿ ತಳಕ್ಕೆ ಹೋಗ್ಬೇಕು. ಆಲೂಗಡ್ಡೆ, ಕ್ಯಾರೆಟ್ಟು, ಟರ್ನಿಪ್ಪು. ಮೇಲೆ ನೆನೆಸಿದ ಬಟಾಣಿ. ಎಲೆಕೋಸು ಎಲ್ಲಕ್ಕಿಂತ ಮೇಲೆ. ತಳಕ್ಕೆ ಹಾಕಿದ್ರೆ ಮೆತ್ತಗಾಗಿ ಹೇಳಹೆಸರಿಲ್ಲದ ಹಾಗೆ ಆಗೋಗುತ್ತೆ, ಈ ಮನೆಗೆ ಬಂದ ಮೇಲೆ ನಾನಾದ ಹಾಗೆ... ಯಾಕೆ ನಗ್ತೀರಿ? ಹ್ಞಾಂ, ತಮಾಷೆಗೇ ಅಂದೆ. ಉಪ್ಪು, ಕುಟ್ಟಿದ ಮೆಣಸು, ನೀರು ಇಷ್ಟೇ... ಮುಚ್ಚಳ. ಆಯ್ತು! ಎಂಟು ಗಂಟೆ ತೆಗೀಬಾರ್ದು. ಅಷ್ಟೊತ್ತಿಗೆ ಅವರೂ ಬರ್ತಾರೆ.

ಏನಂದ್ರಿ, ಎಂಟು ಗಂಟೆನಾ ಅಂತಾನಾ? ಗ್ಯಾಸ್ ಒಲೇಲಿ ಮುಕ್ಕಾಲು ಗಂಟೆ ಸಾಕು, ನಿಜ. ಒಲೆ ಇತ್ತು. ಅವರೇ ತೆಗೆಸಿ, ಇದನ್ನ ತಂದ್ಕೊಟ್ರು. ನನ್ನ ಒಳ್ಳೇದಕ್ಕೇ ಅಣ್ಣಾ! ಬೆಂಕಿ ಗಿಂಕಿ ಹತ್ಕೊಂಡ್ರೆ ಇವಳು ಹೊರಗೆ ಹೆಂಗೆ ಬರ್ತಾಳೆ ಅಂತ...

...

ಅಂದ್ರೆ... ಬಾಗಿಲು ಬಿಗಿದಿರುತ್ತಲ್ಲ... ಚಳಿಗೆ...

ಯಾಕ್ ಹಾಗೆ ನೋಡ್ತೀರಿ? ಕಿಟಕಿ ಹತ್ರ ಯಾಕೆ ಹೋದ್ರಿ? ಬೇಡ, ಸರಳಿಗೆ ಮುಖ ಒತ್ತಿ ನೋಡ್ಬೇಡಿ...

ಕಾಣಿಸ್ತಾ. ಹೂಂ, ಹೊರಗಿಂದ ಬೀಗ. ಒಳಗೆ ನೀವಿದೀರಿ ಅನ್ನೋದೂ ನೆನಪಾಗ್ಲಿಲ್ಲ ಅವರಿಗೆ. ಕೈ ತಾನಾಗೇ ಹಾಕಿಬಿಡುತ್ತೆ. ಮೂರು ವರ್ಷ ಆಯ್ತು. ಬೇಸಿಗೇಲೂ ಬಾಗಿಲು ಬಿಗಿಯುತ್ತೆ ಅಂತ ಹಾಲು ತರೋಳಿಗೆ ಹೇಳಿದ್ದೆ. ಪಾಪ, ನಂಬಿದ್ಲು.

ಅವರಿಗೆ ಫೋನ್ ಮಾಡ್ಬೇಡಿ! ನಿಮ್ಮ ಕಾಲಿಗೆ ಬೀಳ್ತೀನಿ. ಬರ್ತಾರೆ, ತೆಗೀತಾರೆ, ನಗ್ತಾ ನಿಮ್ಮನ್ನ ಕಳಿಸ್ತಾರೆ... ಮತ್ತೆ ಹಾಕ್ತಾರೆ.

...ಅಣ್ಣಾ? ಚೀಲ ಯಾಕೆ ಬಿಚ್ತಿದೀರಿ? ಸ್ಕ್ರೂಡ್ರೈವರಾ?

ಆ ಕಡೆ ಅಲ್ಲ. ಈ ಕಡೆ ಬನ್ನಿ, ಬಾಗಿಲು ಚೌಕಟ್ಟಿಗೆ ಕೂಡೋ ಕೀಲಿನ ಕಡೆ. ಮೇಲಿನ ಕೀಲು ಬಿಡಿ. ಅದರ ನಾಲ್ಕೂ ಸ್ಕ್ರೂ ನಾನೇ ಚಾಕು ತುದೀಲಿ ಬಿಚ್ಚಿ, ಅವರಿಗೆ ಗೊತ್ತಾಗದ ಹಾಗೆ ಸುಮ್ನೆ ಸಿಕ್ಕಿಸಿಟ್ಟಿದೀನಿ. ಕೆಳಗಿನ ಕೀಲಿನವೇ ತುಕ್ಕು ಹಿಡಿದು ಕೂತಿವೆ, ನನ್ನ ಕೈಲಿ ಅಲ್ಲಾಡಿಸೋಕೂ ಆಗ್ಲಿಲ್ಲ.

ನೀವು ತಿರುಗಿಸಿ. ಬಾಗಿಲು ಬೀಳದ ಹಾಗೆ ನಾನು ಹಿಡ್ಕೋತೀನಿ.