ಹಗಲು ಮಲಗುವವಳ ಕೋಣೆ

ಹತ್ತಿರ ಬನ್ನಿ, ಜೋರಾಗಿ ಹೇಳುವಂಥದ್ದಲ್ಲ ಇದು. ನಾನು ಮಂಚ, ಸೋಫಾ, ಬೀರು ಮಾರಿಯೇ ಕೂದಲು ಹಣ್ಣು ಮಾಡಿಕೊಂಡವನು. ಇಲ್ಲದ್ದನ್ನು ಇದೆ ಅನ್ನುವುದು ನಮ್ಮ ಕಸುಬಿನಲ್ಲಿ ಸ್ವಲ್ಪ ಇದ್ದದ್ದೇ. ಆದರೆ ಅದು ಗಿರಾಕಿಯ ಎದುರಿಗೆ. ನಿಮಗೆ ನಾನೇನೂ ಮಾರುತ್ತಿಲ್ಲ. ಇದು ನನ್ನ ಚಿಕ್ಕಪ್ಪನ ಮಗಳಿಗೆ ಆದದ್ದು.

ಅವಳು ನನ್ನ ಅಂಗಡಿಯಲ್ಲೇ ಡಿಸೈನರ್. ಅಂಗಡಿ ಮುಚ್ಚುವ ಹೊತ್ತು ನಮ್ಮ ಕೈಯಲ್ಲಿಲ್ಲ, ಕೊನೆಯ ಗಿರಾಕಿ ಸೋಫಾದಿಂದ ಏಳಬೇಕು. ಅವತ್ತು ಎದ್ದದ್ದು ತಡವಾಗಿ. ಬಸ್ಸು ಹೋಗಿತ್ತು. ನಡೆದೇ ಹೊರಟಳು. ದಾರಿಯಲ್ಲಿ ಒಂದು ಹಳೇ ಬಾವಿ ಇದೆ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅಲ್ಲಿ ಬೀದಿದೀಪ ಇಲ್ಲ.

ಪಟ್... ಸರ್... ಪಟ್... ಸರ್...

ಮುಂದೆ ಯಾರೋ ನಡೆಯುತ್ತಿದ್ದಾರೆ. ಒಂದು ಚಪ್ಪಲಿ ಸರಿಯಾಗಿ ಬೀಳುತ್ತಿದೆ, ಇನ್ನೊಂದು ಎಳೆಯುತ್ತಿದೆ. ಬಾರು ಸಡಿಲವಾದ ಚಪ್ಪಲಿ. ಕಣ್ಣು ಕಿರಿದು ಮಾಡಿ ನೋಡಿದಳು. ರಸ್ತೆ ಖಾಲಿ. ನಿಂತಳು. ಸದ್ದೂ ನಿಂತಿತು. ಆಮೇಲೆ... ಒಂದು ಆಕಳಿಕೆ. ಬಾಯಿ ಪೂರ್ತಿ ತೆರೆದು, ಕೊನೆಗೆ ದವಡೆ ‘ಕಟ್’ ಅನ್ನುತ್ತದಲ್ಲ, ನಿದ್ದೆ ಸಾಲದವರ ಆಕಳಿಕೆ, ಅಂಥದ್ದು. ಪಟ್... ಸರ್... ಬಾವಿ ಬಳಸಿ, ಆಸ್ಪತ್ರೆ ರಸ್ತೆಗೆ ತಿರುಗಿ ಹೋಯಿತು.

ಅವಳು ಹೆದರಿದ್ದು ಆಕಳಿಕೆಗಲ್ಲ. ಆ ಚಪ್ಪಲಿಯ ಸದ್ದು ಅವಳಿಗೆ ಗೊತ್ತಿತ್ತು. ಅವಳದೇ ಹಳೇ ಜೋಡು ಅದು. ಅಂಗಡಿಯಲ್ಲಿ, ಮಂಚದ ಕೆಳಗೆ, ಅವಳೇ ಕೈಯಾರೆ ಇಟ್ಟು ಬಂದದ್ದು.

ಹೇಗೆ ಅಂತ ಹೇಳುತ್ತೇನೆ. ಬರೀ ಮಂಚ ಸಾಲಾಗಿ ನಿಲ್ಲಿಸಿದರೆ ಈಗ ಯಾರೂ ಕೊಳ್ಳುವುದಿಲ್ಲ. ಅಂಗಡಿಯೊಳಗೇ ಮಾದರಿ ಕೋಣೆ ಕಟ್ಟಬೇಕು. ಮೂರು ಗೋಡೆ, ಮೇಲೆ ಸೂರಿಲ್ಲ. ಕಿಟಕಿ ಇರುತ್ತದೆ, ಆಚೆ ಟ್ಯೂಬ್‌ಲೈಟು. ಟಿವಿ ರಟ್ಟಿನದು. ಪುಸ್ತಕದೊಳಗೆ ಹಾಳೆ ಇರುವುದಿಲ್ಲ. ಕೆಲಸಕ್ಕೆ ಸೇರಿದಾಗ ಮೊದಲ ಪರೀಕ್ಷೆ ಅಂತ ಅವಳಿಗೆ ಮೂಲೆಯ ಜಾಗ ಕೊಟ್ಟೆ. ಅವಳು ಅಳತೆ ಟೇಪು ಮುಟ್ಟುವ ಮೊದಲೇ ಕೇಳಿದಳು.

“ಈ ಕೋಣೇಲಿ ಯಾರಿರ್ತಾರೆ ಅಣ್ಣಾ?”

“ಯಾರೂ ಇರಲ್ಲ. ಅಂಗಡಿ ಇದು.”

“ಯಾರಾದ್ರೂ ಇರ್ಲೇಬೇಕು. ಇಲ್ಲಾಂದ್ರೆ ದೀಪ ಎಲ್ಲಿಡೋದು, ಮೇಜು ಎಲ್ಲಿಡೋದು ಅಂತ ತಿಳಿಯಲ್ಲ.” ಸ್ವಲ್ಪ ಯೋಚಿಸಿದಳು. “ಒಬ್ಬಳು ಹೆಂಗಸು. ಆಸ್ಪತ್ರೇಲಿ ರಾತ್ರಿ ಪಾಳಿ. ಬೆಳಗ್ಗೆ ಬಂದು ಬೀಳ್ತಾಳೆ, ಕತ್ತಲಾದ ಮೇಲೆ ಏಳ್ತಾಳೆ.”

ಹಾಗೇ ಕಟ್ಟಿದಳು. ದಪ್ಪ ಪರದೆ. ಅಗಲದ ಮಂಚ. ಕೈಗೆ ಸಿಗುವಲ್ಲಿ ನೀರಿನ ಲೋಟ. ಕೆಳಗೆ ತನ್ನ ಸವೆದ ಚಪ್ಪಲಿ. ನಾನು ರೇಗಿದೆ.

“ಮಾರೋ ಕೋಣೇಲಿ ಹಳೇ ಚಪ್ಪಲಿಯೇನೇ?”

“ಹೊಸದಿಟ್ರೆ ಅಂಗಡಿ ಅನ್ಸುತ್ತೆ. ಹಳೇದಿಟ್ರೆ ಮನೆ ಅನ್ಸುತ್ತೆ.”

ಮಾತಿನಲ್ಲಿ ವ್ಯಾಪಾರವಿತ್ತು, ಚಪ್ಪಲಿ ಇರಲಿ ಅಂದೆ. ಈ ಕೋಣೆಯ ಸಾಮಾನು ಮಾರಾಟವಾದರೆ ನಿನ್ನ ಕೆಲಸ ಖಾಯಂ, ಇಲ್ಲದಿದ್ದರೆ ಇಲ್ಲ ಅಂತ ಆಗಲೇ ಹೇಳಿದ್ದೆ. ಅವಳಿಗೆ ಆ ಖಾಯಂ ಬೇಕೇ ಬೇಕಿತ್ತು. ಇರುವುದು ಅವಳ ಸ್ವಂತ ಅಣ್ಣನ ಮನೆಯಲ್ಲಿ. ಅತ್ತಿಗೆ ಕೆಟ್ಟವಳಲ್ಲ, ಮನೆ ಚಿಕ್ಕದು. ಎಲ್ಲರೂ ಟಿವಿ ನೋಡಿ ಎದ್ದು ಹೋದ ಮೇಲೆ ಇವಳ ಮಡಚುವ ಮಂಚ ಬಿಚ್ಚಬೇಕು, ಎಲ್ಲರಿಗಿಂತ ಮೊದಲು ಎದ್ದು ಮಡಚಬೇಕು. ಖಾಯಂ ಕೆಲಸ ಇಲ್ಲದ ಒಂಟಿ ಹೆಂಗಸಿಗೆ ಬಾಡಿಗೆ ಕೋಣೆ ಯಾರೂ ಕೊಡುತ್ತಿರಲಿಲ್ಲ.

ಆ ಕೋಣೆ ಮಾರಾಟವಾಗಲಿಲ್ಲ. ಜನ ಬರುತ್ತಿದ್ದರು, ಒಳಗೆ ಕಾಲಿಡುತ್ತಿದ್ದರು, ತುದಿಗಾಲಲ್ಲಿ ವಾಪಸು ಬರುತ್ತಿದ್ದರು. ನಮ್ಮ ಸೇಲ್ಸ್‌ಮನ್ ಒಬ್ಬನಿದ್ದಾನೆ. ಗಂಟಲು ದೊಡ್ಡದು, ಎಲ್ಲರೂ ಅವನನ್ನು ಮೈಕು ಅಂತಲೇ ಕರೆಯುವುದು. ಒಬ್ಬ ಗಿರಾಕಿ ಅವನ ಕಿವಿಗೆ ಬಾಯಿಟ್ಟು ಹೇಳಿದ.

“ನಿಮ್ಮ ಸ್ಟಾಫ್ ಯಾರೋ ಮಲಗಿದಾರೆ.”

“ಯಾರೂ ಇಲ್ಲ ಸಾರ್, ಬನ್ನಿ.”

“ಬಿಡಿ ಪಾಪ, ಎಬ್ಬಿಸ್ಬೇಡಿ. ಆಮೇಲೆ ಬರ್ತೀವಿ.”

ನಮ್ಮ ಕಸುಬಿನಲ್ಲಿ ‘ಆಮೇಲೆ ಬರ್ತೀವಿ’ ಅಂದರೆ ಅವರ ಮುಖ ಇನ್ನು ಕಾಣುವುದಿಲ್ಲ ಅಂತ ಅರ್ಥ. ಒಬ್ಬರಲ್ಲ, ದಿನಾ ಯಾರಾದರೊಬ್ಬರು ಹೀಗೇ. ಕೊನೆಗೆ ನೋಡಿದರೆ ಮೈಕೇ ಆ ಮೂಲೆಗೆ ಹೋದಾಗ ಪಿಸುಗುಡುತ್ತಿದ್ದಾನೆ.

“ನಿಂಗೇನಾಯ್ತೋ?” ಅಂದೆ.

“ಗೊತ್ತಿಲ್ಲ ಯಜಮಾನ್ರೇ. ಒಳಗೆ ಹೋದ್ರೆ ಧ್ವನಿ ತಾನಾಗೇ ಇಳಿಯುತ್ತೆ.”

ನಾನೇ ಹೋದೆ. ಮಟಮಟ ಮಧ್ಯಾಹ್ನ. ಮಂಚದ ಅಂಚಿಗೆ ಕೂತೆ. ಹೊದಿಕೆ ಮಡಿಕೆ ಮುರಿದಿರಲಿಲ್ಲ. ಸುಂಯ್... ಸುಂಯ್... ಒಂದು ಹೊಳ್ಳೆ ಕಟ್ಟಿದವರು ಉಸಿರಾಡುವ ಹಾಗೆ. ಏಸಿ ಇರಬೇಕು ಅಂದುಕೊಂಡು ಎದ್ದೆ. ಆ ವಾರ ಏಸಿ ಕೆಟ್ಟಿತ್ತು ಅಂತ ನೆನಪಾದದ್ದು ಮೆಟ್ಟಿಲಿಳಿಯುವಾಗ.

ದೆವ್ವವೋ ಗಾಳಿಯೋ ನನಗೆ ಬೇಡ. ಮಾರದ ಮಾಲು ನಿಂತಷ್ಟು ದಿನ ಜಾಗ ತಿನ್ನುತ್ತದೆ. ಅವಳನ್ನು ಕರೆದೆ.

“ನಾಳೆ ಕೋಣೆ ಬಿಚ್ಚಿಸ್ತೀನಿ.”

“ನಾನು?”

“ಮಾತು ಆಗಿತ್ತಲ್ಲ. ನೆಂಟರಿಗೊಂದು ತಕ್ಕಡಿ, ಉಳಿದವರಿಗೊಂದು ತಕ್ಕಡಿ ಇಟ್ಕೊಂಡ್ರೆ ಅಂಗಡಿ ನಡೆಯಲ್ಲಮ್ಮ.”

ನಿದ್ದೆಗೆಟ್ಟು ಕಣ್ಣ ಕೆಳಗೆ ಕಪ್ಪಾಗಿತ್ತು, ವಾದ ಮಾಡಲಿಲ್ಲ. ಅದಕ್ಕೂ ಚೈತನ್ಯ ಬೇಕಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಬಾವಿಯ ಹತ್ತಿರ ಮತ್ತೆ... ಪಟ್... ಸರ್... ಈ ಸಲ ಮುಂದಲ್ಲ, ಪಕ್ಕದಲ್ಲೇ. ಓಡಬೇಕು ಅನ್ನಿಸಿತಂತೆ, ಆದರೂ ಬಾವಿಕಟ್ಟೆಗೆ ಕೈಯೂರಿ ನಿಂತಳು. ಜಾಲರಿ ‘ಕಿರ್...’ ಅಂದಿತು, ಆ ಕಡೆಯೂ ಯಾರೋ ಕೈಯೂರಿದ ಹಾಗೆ.

“ಬಿಚ್ತಾರಂತೆ?” ಧ್ವನಿ ಸಣ್ಣಗೆ, ಒಡೆದು ಬಂತು.

“ಹೂಂ.”

“ಯಾವಾಗ?”

“ನಾಳೆ.”

ಬಾವಿಯೊಳಗೆ ಎಲ್ಲೋ ಒಂದು ಹನಿ... ಟಿಂವ್.

“ನೀನು ಪರದೆ ಚೆನ್ನಾಗಿ ಹಾಕಿದ್ದೆ. ಬೆಳಕೇ ಬರ್ತಿರಲಿಲ್ಲ.”

ಅಂಗಡಿಯಲ್ಲಿ ಇವಳ ಕೆಲಸವನ್ನು ಹೊಗಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

“ನೀನೆಲ್ಲಿ ಮಲಗ್ತೀ?”

“ಹಾಲ್‌ನಲ್ಲಿ. ಎಲ್ಲರ ಟಿವಿ ಮುಗಿದ ಮೇಲೆ.”

“ಅಯ್ಯೋ...”

ಒಂದು ಆಕಳಿಕೆ. ಕಟ್. ಚಪ್ಪಲಿ ಎಳೆಯುತ್ತಾ ಆಸ್ಪತ್ರೆ ರಸ್ತೆಯ ಕಡೆ ಹೋಯಿತು. ತಡವಾಯಿತು ಅನ್ನುವವರ ಹಾಗೆ, ಸ್ವಲ್ಪ ಬೇಗ ಬೇಗ.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಮರುದಿನ ಬೆಳಗ್ಗೆ ಹೇಳಿದ್ದೇ ಬೇರೆ. ಬಡಗಿ ಸ್ಕ್ರೂ ಬಿಚ್ಚಲು ಕೂತಿದ್ದ. ನೇರವಾಗಿ ನನ್ನ ಮೇಜಿಗೆ ಬಂದಳು.

“ಆ ಕೋಣೇಲಿರೋದೆಲ್ಲ ನಂಗೆ ಬೇಕು. ಮಂಚ, ಹಾಸಿಗೆ, ಪರದೆ, ಎಲ್ಲ. ದುಡ್ಡು ತಿಂಗಳ ಸಂಬಳದಲ್ಲಿ ಹಿಡ್ಕೊಳ್ಳಿ.”

“ತಲೆ ಕೆಟ್ಟಿದೆಯಾ? ಎಲ್ಲಿ ಇಡ್ತೀ, ಅತ್ತಿಗೆ ತಲೆ ಮೇಲಾ?”

“ಕೋಣೆ ಹುಡುಕ್ತೀನಿ. ನೀವು ಖಾಯಂ ಅಂತ ಬರೆದು ಕೊಡಿ.”

“ಯಾವ ಸಂತೋಷಕ್ಕೆ?”

“ಸಾಮಾನು ಮಾರಾಟವಾದ್ರೆ ಖಾಯಂ ಅಂದಿದ್ರಲ್ಲ. ಆಯ್ತಲ್ಲ ಅಣ್ಣಾ. ಗಿರಾಕಿ ಯಾರಾಗಿರಬೇಕು ಅಂತ ನೀವು ಹೇಳಿರಲಿಲ್ಲ.”

ಬಡಗಿ ತಲೆ ತಗ್ಗಿಸಿ ನಕ್ಕ. ಮೈಕು ನಗಲು ಆಚೆ ಹೋದ. ವ್ಯಾಪಾರದಲ್ಲಿ ನನ್ನನ್ನು ಹೀಗೆ ಕಟ್ಟಿಹಾಕಿದವರು ಕಡಿಮೆ. ಇಂಥವಳನ್ನು ಬಿಟ್ಟರೆ ಎದುರಿನ ಅಂಗಡಿಯವನು ಹಿಡಿದುಕೊಳ್ಳುತ್ತಾನೆ ಅಂತ ಲೆಕ್ಕ ಹಾಕಿದೆ. ಬರೆದು ಕೊಟ್ಟೆ.

ಕೋಣೆ ಸಿಕ್ಕಿತು, ಮಹಡಿ ಮೇಲೆ ಒಂದೇ ಒಂದು. ಸಾಮಾನೆಲ್ಲ ಅಲ್ಲಿಗೆ ಹೋಯಿತು. ಅಂಗಡಿಯ ಮೂಲೆಯಲ್ಲಿ ಅವಳು ಹೊಸ ಕೋಣೆ ಕಟ್ಟಿದಳು, ಈ ಸಲ ಮೂವರು ತುಂಟ ಮಕ್ಕಳಿರುವ ಮನೆ. ಅಲ್ಲಿಂದ ಮೇಲೆ ಆ ಮೂಲೆಯಲ್ಲಿ ಗಿರಾಕಿಗಳು ಕಿರುಚಿಕೊಂಡು ಚೌಕಾಶಿ ಮಾಡುತ್ತಾರೆ. ಇವಳ ಕಣ್ಣ ಕೆಳಗಿನ ಕಪ್ಪು ಹೋಯಿತು. ನಾನೂ ಮರೆತೆ.

ಒಂದು ವರ್ಷ ಕಳೆದಿರಬಹುದು. ಹಾಸಿಗೆ ಕುಸಿದಿದೆ, ಗ್ಯಾರಂಟಿ ಇದೆಯಲ್ಲ ಅಂತ ಅವಳೇ ದೂರು ಕೊಟ್ಟಳು. ಹಾಸಿಗೆ ಕಂಪನಿಯಿಂದ ಒಬ್ಬ ಬಂದ. ನಾನೂ ಜೊತೆಗೆ ಹೋದೆ. ಅವನು ಹೊದಿಕೆ ತೆಗೆದು, ಅಂಗೈ ಅಡ್ಡ ಮಾಡಿ ಹಾಸಿಗೆಯ ಮೇಲೆ ನಿಧಾನಕ್ಕೆ ಆಡಿಸಿದ. ಎಲ್ಲಿ ಎಷ್ಟು ಕುಸಿದಿದೆ ಅಂತ ಹಾಗೇ ನೋಡುವುದು. ಗೋಡೆಯ ಕಡೆ ಕೈ ನಿಂತಿತು.

“ಇದು ನೀವು. ಅಂಗಾತ ಮಲಗ್ತೀರ.”

“ಹೌದು.”

ಕೈ ಈಚೆಗೆ ಬಂತು. ಮತ್ತೆ ನಿಂತಿತು.

“ಇವರು ಎಡಮಗ್ಗುಲು. ಮೊಣಕಾಲು ಮಡಚ್ಕೋತಾರೆ. ತೂಕ ನಿಮಗಿಂತ ಜಾಸ್ತಿ, ಅದಕ್ಕೇ ಈ ಕಡೆ ಹೆಚ್ಚು ಇಳಿದಿದೆ. ಇವರಿಗೆ ಸೊಂಟನೋವಿದೆಯಾ?”

ಅವಳು ನನ್ನ ಕಡೆ ನೋಡಲಿಲ್ಲ.

“ಕೇಳಿಲ್ಲ,” ಅಂದಳು.

“ಕೇಳಿ. ಗಟ್ಟಿ ಹಾಸಿಗೆ ಬೇಕು ಇಂಥವರಿಗೆ.”

ಗಟ್ಟಿಯದೇ ಕಳಿಸಿಕೊಟ್ಟೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು, ಆದರೆ ನಾನು ಕಣ್ಣಾರೆ ಕಂಡದ್ದು ಇದು. ಹಳೇ ಹಾಸಿಗೆ ಇನ್ನೂ ನನ್ನ ಗೋದಾಮಿನಲ್ಲಿ ಮಲಗಿದೆ, ಮೊನ್ನೆಯೂ ಕೈಯಾಡಿಸಿ ನೋಡಿದೆ. ಯಾರೂ ಮಲಗದೆ ಬಿಟ್ಟರೆ ಆ ಜಾತಿಯ ಹಾಸಿಗೆ ಮೆಲ್ಲಗೆ ಮೇಲೇಳುತ್ತದೆ. ಗೋಡೆ ಕಡೆಯ ಕುಳಿ ಎದ್ದು ಸಮವಾಗಿದೆ.

ಇನ್ನೊಂದು ಹಾಗೇ ಇದೆ... ಈಗೀಗ ಸ್ವಲ್ಪ ಆಳವಾಗಿದೆ.